ಮರ್ಕರಾದಲ್ಲಿ ಮಡಿಕೇರಿಯನ್ನು ಹುಡುಕುವುದು: ಸೂಚಿ ಇರುವ ಹಳೆಯ ಪತ್ರಿಕೆಗಳಿಂದ ಕೊಡಗಿನ ಊರು ಮತ್ತು ಮನೆತನಗಳ ಚರಿತ್ರೆ

ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಪದ ಹಾಕಿ ಹುಡುಕಲು ಬರುವಂತೆ ಜಾಲದಲ್ಲಿ ಇಟ್ಟಿರುವ ಭಂಡಾರಗಳು ಈಗ ಹಲವಾರು ಇವೆ. ಕೊಡಗಿನ ಒಂದು ಊರಿನ ಅಥವಾ ಒಕ್ಕದ (ಕೊಡವ ಮನೆತನದ) ಚರಿತ್ರೆಯನ್ನು ಬರೆಯಬೇಕೆಂದು ಅವುಗಳ ಮುಂದೆ ಕುಳಿತವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಊರಿನ ಹೆಸರನ್ನೋ ಮನೆಹೆಸರನ್ನೋ ಇಂದಿನ ಇಂಗ್ಲಿಷ್ ಕಾಗುಣಿತದಲ್ಲಿ ಟೈಪ್ ಮಾಡುವುದು. ಉತ್ತರವಾಗಿ ಬರುವುದು ಬಹುಮಟ್ಟಿಗೆ ಸೊನ್ನೆ. ನಾನೂ ಹೀಗೆಯೇ ಆರಂಭಿಸಿ, ನಮ್ಮ ಊರಿನ ಸುದ್ದಿಯನ್ನು ಆ ಕಾಲದಲ್ಲಿ ಯಾರೂ ಬರೆದೇ ಇಲ್ಲವೆಂಬ ತೀರ್ಮಾನಕ್ಕೆ ಬಂದು ಒಂದು ಮಳೆಗಾಲವನ್ನು ಕಳೆದುಬಿಟ್ಟೆ. ಬರೆದಿದ್ದರು, ಆದರೆ ಬರೆದವರು ಮಡಿಕೇರಿಯನ್ನು ಮರ್ಕರಾ ಎಂದು ಕರೆದಿದ್ದರು, ಕುಶಾಲನಗರವನ್ನು ಫ್ರೇಸರ್‌ಪೇಟ್ ಎಂದು ಕರೆದಿದ್ದರು, ಮನೆಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿದ್ದರು. ಅವರು ಅಚ್ಚು ಮಾಡಿದ್ದನ್ನು ಓದಿ ಸೂಚಿ ತಯಾರಿಸಿದ ಯಂತ್ರಕ್ಕೆ ನಮ್ಮ ಹೆಸರುಗಳ ಪರಿಚಯವಂತೂ ಇರಲೇ ಇಲ್ಲ. ಸೂಚಿಯನ್ನು ಅದರದೇ ತಪ್ಪು ಕಾಗುಣಿತದಲ್ಲಿ ಕೇಳಲು ಕಲಿಯುವುದು ಈ ಕೆಲಸದ ಅರ್ಧ ಭಾಗ. ಸೂಚಿ ಇಲ್ಲವೆಂದಾಗ ಅದನ್ನು ನಂಬದಿರುವುದು ಉಳಿದರ್ಧ.

ಮೊದಲ ಹೆಜ್ಜೆ ಕಂಪ್ಯೂಟರಿನ ಮುಂದಲ್ಲ, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ

ಹುಡುಕಾಟಕ್ಕೆ ಮುನ್ನ ಒಂದು ಹಾಳೆಯಲ್ಲಿ ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಬೇಕು: ಯಾರು, ಎಲ್ಲಿ, ಯಾವ ಎರಡು ವರ್ಷಗಳ ನಡುವೆ. ಇವುಗಳಲ್ಲಿ ಕಾಲವೇ ಮುಖ್ಯವಾದುದು, ಏಕೆಂದರೆ ಹೆಸರು ಸಿಗದಿದ್ದರೂ ಕಾಲ ಗೊತ್ತಿದ್ದರೆ ಆ ವಾರದ ಪತ್ರಿಕೆಯನ್ನು ಪುಟಪುಟವಾಗಿ ಓದಬಹುದು. ಕಾಲವೇ ಗೊತ್ತಿಲ್ಲದಿದ್ದರೆ ಆ ದಾರಿಯೂ ಮುಚ್ಚುತ್ತದೆ. ಒಕ್ಕದ ಹಿರಿಯರಾದ ಪಟ್ಟೆದಾರರನ್ನು ಅಥವಾ ಮನೆಯ ಅಜ್ಜಿಯನ್ನು ‘ಯಾವ ಇಸವಿ’ ಎಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ. ‘ಆ ವರ್ಷದ ಪುತ್ತರಿ ಹಬ್ಬಕ್ಕೆ ಮೊದಲೋ ನಂತರವೋ, ಗಾಂಧಿ ಬಂದದ್ದಕ್ಕೆ ಮೊದಲೋ ನಂತರವೋ, ದೊಡ್ಡ ನೆರೆಯ ವರ್ಷವೋ’ ಎಂದು ಕೇಳಿದರೆ ಉತ್ತರ ಬರುತ್ತದೆ. ಗಾಂಧೀಜಿ ಕೊಡಗಿಗೆ ಬಂದದ್ದು 1934ರ ಫೆಬ್ರವರಿಯಲ್ಲಿ. ಕಾವೇರಿ ಸೀಮೆಯ ದೊಡ್ಡ ನೆರೆ 1924ರ ಜುಲೈಯಲ್ಲಿ. ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾದದ್ದು 1956ರ ನವೆಂಬರ್ 1ರಂದು. ಇಂಥ ನಾಲ್ಕಾರು ಗೂಟಗಳನ್ನು ನೆಟ್ಟುಕೊಂಡರೆ ನೆನಪುಗಳು ತಾವಾಗಿಯೇ ಅವುಗಳ ಅಕ್ಕಪಕ್ಕಕ್ಕೆ ಬಂದು ನಿಲ್ಲುತ್ತವೆ.

ಕೊಡವ ತಿಂಗಳುಗಳು ಸೌರಮಾನದವು ಎಂಬುದು ನಮಗಿರುವ ದೊಡ್ಡ ಅನುಕೂಲ. ಎಡಮ್ಯಾರ್ ಒಂದು ಏಪ್ರಿಲ್ 14ರ ಆಸುಪಾಸಿಗೆ, ಕಕ್ಕಡ ಹದಿನೆಂಟು ಆಗಸ್ಟ್ 3ರ ಹೊತ್ತಿಗೆ ಬೀಳುವುದರಿಂದ, ‘ಕಕ್ಕಡದಲ್ಲಿ ತೀರಿಕೊಂಡರು’ ಎಂಬ ಒಂದು ಮಾತು ಸಿಕ್ಕರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ವರೆಗಿನ ಸಂಚಿಕೆಗಳು ಸಾಕು. ಸಂವತ್ಸರದ ಹೆಸರಿನಲ್ಲಿ ಸಿಗುವ ಕಾಲಕ್ಕೆ ಮಾತ್ರ ಎಚ್ಚರ ಬೇಕು. ಜಯ ಸಂವತ್ಸರವೆಂದರೆ ಕೊಡಗು ಬ್ರಿಟಿಷರ ಕೈಸೇರಿದ 1834 ಆಗಬಹುದು, 1894 ಆಗಬಹುದು, 1954 ಕೂಡ ಆಗಬಹುದು. ತಲೆಮಾರುಗಳನ್ನು ಎಣಿಸಿ ನೋಡದೆ ಇವುಗಳಲ್ಲಿ ಒಂದನ್ನು ಆರಿಸಿಕೊಂಡರೆ ಅಜ್ಜನು ಮುತ್ತಜ್ಜನಾಗಿ ಬಿಡುತ್ತಾನೆ.

ಕೊಡಗಿನ ಸುದ್ದಿ ಅಚ್ಚಾದದ್ದು ಎಲ್ಲಿ

ಆಡಳಿತ ಯಾರ ಕೈಯಲ್ಲಿತ್ತೋ ಸುದ್ದಿ ಆ ಕಡೆಗೆ ಹರಿಯುತ್ತಿತ್ತು. 1834ರ ಮೇ 7ರ ಘೋಷಣೆಯಿಂದ ಕೊಡಗು ಕಂಪನಿಯ ಆಳ್ವಿಕೆಗೆ ಸೇರಿತು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದ ಮೇಲೆ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರ್ ಆಗಿದ್ದು, ಅವರು ಕುಳಿತದ್ದು ಬೆಂಗಳೂರಿನಲ್ಲಿ. ಆದ್ದರಿಂದ 19ನೇ ಶತಮಾನದ ಮಡಿಕೇರಿಯ ಸುದ್ದಿಯನ್ನು ಮದರಾಸು ಮತ್ತು ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಮೊದಲು ನೋಡಬೇಕು. 1868ರಲ್ಲಿ ಆರಂಭವಾದ ಮದ್ರಾಸ್ ಮೇಲ್ ಮತ್ತು 1878ರಲ್ಲಿ ಆರಂಭವಾದ ಹಿಂದೂ ಇವುಗಳಲ್ಲಿ ಮುಖ್ಯವಾದವು. ಕಾಫಿ ತೋಟಗಳ ಸುದ್ದಿ ಲಂಡನ್ನಿನ ವರೆಗೂ ಹೋಗುತ್ತಿತ್ತು, ಏಕೆಂದರೆ ತೋಟದ ಹಣ ಹಾಕಿದವರು ಅಲ್ಲಿಯೂ ಇದ್ದರು. ಭಾರತದ ಸುದ್ದಿಗಾಗಿಯೇ ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ಅಲೆನ್ಸ್ ಇಂಡಿಯನ್ ಮೇಲ್, ಹೋಮ್‌ವರ್ಡ್ ಮೇಲ್ ಎಂಬ ಪತ್ರಿಕೆಗಳಲ್ಲಿ ವರ್ಗಾವಣೆ, ರಜೆ, ಜನನ, ಮದುವೆ, ಮರಣಗಳ ಪಟ್ಟಿಗಳು ತಪ್ಪದೆ ಬರುತ್ತಿದ್ದವು.

ಗಡಿ ಬದಲಾದದ್ದನ್ನು ಮರೆತವರು ತಪ್ಪು ಕಪಾಟಿನಲ್ಲಿ ಹುಡುಕುತ್ತಾರೆ. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರಿನ ಭಾಗಗಳನ್ನು 1834ರ ನಂತರ ಕೆನರಾ ಜಿಲ್ಲೆಗೆ ಸೇರಿಸಿದ್ದರಿಂದ, ಬ್ರಿಟಿಷರ ವಿರುದ್ಧದ 1837ರ ಬಂಡಾಯದ ವರದಿಗಳನ್ನು ಕೂರ್ಗ್ ಎಂಬ ಪದದಡಿ ಮಾತ್ರ ಹುಡುಕಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಕೆನರಾ, ಮಂಗಳೂರು ಎಂಬ ಪದಗಳಡಿಯೂ ನೋಡಬೇಕು. ಅರೆಭಾಷೆಯ ಗೌಡ ಮನೆತನಗಳ ಚರಿತ್ರೆಯನ್ನು ಬರೆಯುವವರಿಗೆ ಇದು ಬಹಳ ಮುಖ್ಯ, ಏಕೆಂದರೆ ಒಂದೇ ಕುಟುಂಬದ ಕವಲುಗಳು ಆ ಗಡಿಯ ಎರಡೂ ಕಡೆ ಉಳಿದಿವೆ.

ಕನ್ನಡ ಪತ್ರಿಕೆಗಳ ಸ್ಥಿತಿ ಬೇರೆ. ಬಾಸೆಲ್ ಮಿಷನ್ನಿನ ಪಾದ್ರಿ ಹೆರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಆರಂಭಿಸಿದ ಮಂಗಳೂರ ಸಮಾಚಾರ ಕಲ್ಲಚ್ಚಿನದು, ಅಂದರೆ ಕೈಬರಹವನ್ನೇ ಅಚ್ಚು ಮಾಡಿದ್ದು. ಅದನ್ನು ಯಂತ್ರ ಓದಲಾರದು, ಕಣ್ಣೇ ಓದಬೇಕು. ಮುಂದಿನ ದಶಕದಲ್ಲಿ ಇದೇ ಮೊಗ್ಲಿಂಗ್ ಕೊಡಗಿಗೆ ಬಂದು ನೆಲಸಿ, 1855ರಲ್ಲಿ ಕೊಡಗಿನ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ಆದ್ದರಿಂದ ಬಾಸೆಲ್ ಮಿಷನ್ನಿನ ಜರ್ಮನ್ ನಿಯತಕಾಲಿಕಗಳಲ್ಲಿಯೂ ನಮ್ಮ ಊರುಗಳ ಹೆಸರು ಇದೆ. ಮದರಾಸು ಸರಕಾರ ದೇಶೀ ಪತ್ರಿಕೆಗಳ ಮೇಲೆ ಕಣ್ಣಿಡಲು ಅವುಗಳ ಸಾರವನ್ನು ಇಂಗ್ಲಿಷಿಗೆ ಅನುವಾದಿಸಿ ಗುಟ್ಟಾಗಿ ಅಚ್ಚು ಹಾಕಿಸುತ್ತಿದ್ದ ವರದಿಗಳು ಇನ್ನೊಂದು ಮೂಲ. ಮೂಲ ಸಂಚಿಕೆ ಗೆದ್ದಲಿಗೆ ಹೋಗಿದ್ದರೂ, ಅದರಲ್ಲಿ ಅಧಿಕಾರಿಗಳಿಗೆ ಕಿರಿಕಿರಿ ಉಂಟುಮಾಡಿದ ಭಾಗ ಮಾತ್ರ ಈ ವರದಿಗಳಲ್ಲಿ ಭದ್ರವಾಗಿ ಉಳಿದಿರುವುದು ಚರಿತ್ರೆಯ ಒಂದು ತಮಾಷೆ.

ಭಂಡಾರಗಳನ್ನು ಬಳಸುವ ಕ್ರಮಕ್ಕೆ ನನ್ನ ಸಲಹೆ ಇದು: ಹಣ ಕೊಡದೆ ಸಿಗುವುದನ್ನು ಮೊದಲು ಮುಗಿಸಿ. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್, ನ್ಯೂಜಿಲೆಂಡಿನ ಪೇಪರ್ಸ್ ಪಾಸ್ಟ್, ಸಿಂಗಾಪುರದ ನ್ಯೂಸ್‌ಪೇಪರ್‌ಎಸ್‌ಜಿ ಮೂರೂ ಉಚಿತ. ಕೊಡಗಿಗೂ ಸಿಡ್ನಿಗೂ ಏನು ಸಂಬಂಧವೆಂದು ಕೇಳಬಹುದು. ಆ ಕಾಲದ ಪತ್ರಿಕೆಗಳು ಹಡಗಿನಲ್ಲಿ ಬಂದ ಬೇರೆ ಊರಿನ ಪತ್ರಿಕೆಗಳಿಂದ ಸುದ್ದಿಯನ್ನು ಹಾಗೆಯೇ ಎತ್ತಿ ಅಚ್ಚು ಮಾಡುತ್ತಿದ್ದುದರಿಂದ, ಭಾರತದಲ್ಲಿ ಕಳೆದುಹೋದ ಸಂಚಿಕೆಯ ತುಣುಕು ಅಲ್ಲಿ ಸಿಗುವ ಸಾಧ್ಯತೆ ಇದೆ. ಫಿಬಿಸ್ ಎಂದು ಕರೆಯುವ, ಬ್ರಿಟಿಷ್ ಭಾರತದ ಕುಟುಂಬಗಳ ಸಂಘದ ದತ್ತಾಂಶದಲ್ಲಿ ಸ್ವಯಂಸೇವಕರು ಪತ್ರಿಕೆಗಳಿಂದ ಕೈಯಾರೆ ಎತ್ತಿ ಬರೆದ ಜನನ, ಮದುವೆ, ಮರಣಗಳ ಪ್ರಕಟಣೆಗಳು ಉಚಿತವಾಗಿ ಸಿಗುತ್ತವೆ. ತೋಟದ ದೊರೆಗಳ ಮತ್ತು ಕ್ರೈಸ್ತ ಕುಟುಂಬಗಳ ಬಗ್ಗೆ ಹುಡುಕುವವರು ಅಲ್ಲಿಂದಲೇ ಆರಂಭಿಸಬಹುದು. ಲಂಡನ್ ಗೆಜೆಟ್ ಕೂಡ ಉಚಿತ. ಕೊಡಗಿನಿಂದ ಸೈನ್ಯಕ್ಕೆ ಹೋದವರ ಸಂಖ್ಯೆಯನ್ನು ನೋಡಿದರೆ ಎರಡನೆಯ ಮಹಾಯುದ್ಧದ ಕಾಲದ ಅಧಿಕಾರಿ ನೇಮಕ ಮತ್ತು ಶೌರ್ಯ ಪದಕಗಳ ಪಟ್ಟಿಗಾಗಿ ಇದನ್ನು ಬಿಡುವಂತಿಲ್ಲ. ಜೆಸ್ಟೋರ್‌ನಲ್ಲಿರುವ ದಕ್ಷಿಣ ಏಷ್ಯಾ ಮುಕ್ತ ಭಂಡಾರ, ಇಂಟರ್ನೆಟ್ ಆರ್ಕೈವ್, ಭಾರತದ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಇವು ಆಮೇಲೆ. 2011ರಲ್ಲಿ ಆರಂಭವಾದ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕಲು ಹಣ ಬೇಡ, ಪುಟ ತೆರೆಯಲು ಚಂದಾ ಬೇಕು. ಹಾಗಾಗಿ ಫಲಿತಾಂಶಗಳ ಪಟ್ಟಿಯನ್ನು ವಾರಗಟ್ಟಲೆ ಉಚಿತವಾಗಿ ಕಲೆಹಾಕಿ, ನಂತರ ಒಂದೇ ತಿಂಗಳಿಗೆ ಹಣ ಕಟ್ಟಿ ಎಲ್ಲವನ್ನೂ ಇಳಿಸಿಕೊಳ್ಳುವುದು ಜಾಣತನ. 1838ರಿಂದ ಮೊದಲಾಗುವ ಟೈಮ್ಸ್ ಆಫ್ ಇಂಡಿಯಾದ ಹಳೆಯ ಸಂಚಿಕೆಗಳು ಪ್ರೋಕ್ವೆಸ್ಟ್ ಎಂಬ ಚಂದಾ ಭಂಡಾರದಲ್ಲಿವೆ. ಮನೆಯ ಮಕ್ಕಳು ಯಾರಾದರೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರೆ, ಅಲ್ಲಿನ ಗ್ರಂಥಾಲಯಕ್ಕೆ ಆ ಚಂದಾ ಇದೆಯೇ ಎಂದು ವಿಚಾರಿಸಿ.

ಹೆಸರುಗಳ ತೊಡಕು

ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ಸೋಲುಗಳಲ್ಲಿ ಬಹುಪಾಲು ಇಲ್ಲಿಯೇ ಆಗುತ್ತವೆ.

ಮೊದಲು ಊರುಗಳು. ಕೊಡಗು ಇಂಗ್ಲಿಷಿನಲ್ಲಿ ಕೂರ್ಗ್ ಆಗುವಾಗ ‘ಸಿ’ ಅಕ್ಷರದಿಂದಲೂ ಬರೆದಿದ್ದಾರೆ, ‘ಕೆ’ ಅಕ್ಷರದಿಂದಲೂ ಬರೆದಿದ್ದಾರೆ, ಜರ್ಮನ್ನರು ‘ಒ’ ಎರಡರ ಬದಲು ‘ಯು’ ಒಂದನ್ನು ಹಾಕಿ ಕುರ್ಗ್ ಮಾಡಿದ್ದಾರೆ. ಮರ್ಕರಾದ ನಡುವಿನ ‘ಸಿ’ಗೆ ‘ಕೆ’ಯನ್ನೂ ಪ್ರಯತ್ನಿಸಿ, ಕೊನೆಯಲ್ಲಿ ‘ಎಚ್’ ಸೇರಿಸಿಯೂ ನೋಡಿ. ವಿರಾಜಪೇಟೆಗೆ ವೀರರಾಜೇಂದ್ರಪೇಟೆಯ ಉದ್ದ ರೂಪವೂ ಇದೆ, ಗಿಡ್ಡ ರೂಪವೂ ಇದೆ, ಪೇಟೆಯ ಕೊನೆಯ ‘ಟಿ’ ಒಂದಿರಬಹುದು, ಎರಡಿರಬಹುದು. ತಾಲ್ಲೂಕುಗಳನ್ನು ಇಂದಿನ ಹೆಸರಿನಲ್ಲಿ ಕೇಳಬಾರದು. ಕಿಗ್ಗಟ್ಟುನಾಡು, ಎಡೆನಾಲ್ಕುನಾಡು, ಪಾಡಿನಾಲ್ಕುನಾಡು, ನಂಜರಾಜಪಟ್ಟಣ ಎಂಬ ಹೆಸರುಗಳಲ್ಲಿ ಕೇಳಬೇಕು. ಸಾಲಿನ ಕೊನೆಯಲ್ಲಿ ಪದ ತುಂಡಾಗಿ ಮುಂದಿನ ಸಾಲಿಗೆ ಹೋಗಿದ್ದರೆ ಯಂತ್ರವು ಅದನ್ನು ಎರಡು ಪದವೆಂದು ಓದಿರುತ್ತದೆ. ಆದ್ದರಿಂದ ಸೋಮವಾರಪೇಟೆಯ ಇಂಗ್ಲಿಷ್ ರೂಪದ ಮುಂದಿನ ಅರ್ಧ, ಹಿಂದಿನ ಅರ್ಧ ಎರಡನ್ನೂ ಬೇರೆಬೇರೆಯಾಗಿ ಹುಡುಕಿ ನೋಡುವುದು ಒಳ್ಳೆಯದು.

ಇನ್ನು ವ್ಯಕ್ತಿಗಳು. ಕೊಡವರಲ್ಲಿ ಮನೆಹೆಸರು ಮೊದಲು, ತಂದೆಯ ಹೆಸರು ನಂತರ, ಸ್ವಂತ ಹೆಸರು ಕೊನೆಗೆ. ಕೊಡಂದೇರ ಮಾದಪ್ಪ ಕಾರಿಯಪ್ಪ ಅವರು ಪತ್ರಿಕೆಯಲ್ಲಿ ಕೆ. ಎಂ. ಕಾರಿಯಪ್ಪ, ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಅವರು ಕೆ. ಎಸ್. ತಿಮ್ಮಯ್ಯ. ಇಬ್ಬರ ‘ಕೆ’ಯೂ ಒಂದೇ ಒಕ್ಕ ಎಂಬುದು ಗೊತ್ತಿರುವವರಿಗೆ ಮಾತ್ರ ಗೊತ್ತು, ಸೂಚಿಗೆ ಅದು ಬರಿಯ ಅಕ್ಷರ, ಮತ್ತು ‘ಕೆ’ಯಿಂದ ಆರಂಭವಾಗುವ ಒಕ್ಕಗಳು ಹಲವಾರು ಇವೆ. ಪಾಶ್ಚಾತ್ಯರ ಕ್ರಮದಲ್ಲಿ ಕೊನೆಯ ಹೆಸರನ್ನು ಕುಲನಾಮವೆಂದು ತಿಳಿದು ಸೂಚಿ ಮಾಡಿದವರು ಕೊಡಗಿನ ಎಲ್ಲ ಕಾರಿಯಪ್ಪಂದಿರನ್ನೂ ಒಂದೇ ಕುಟುಂಬದವರನ್ನಾಗಿ ಮಾಡಿರುತ್ತಾರೆ. ಆದ್ದರಿಂದ ಮನೆಹೆಸರನ್ನು ಪೂರ್ತಿಯಾಗಿ ಒಮ್ಮೆ, ಅಕ್ಷರ ಮಾತ್ರ ಹಾಕಿ ಇನ್ನೊಮ್ಮೆ, ಏನೂ ಹಾಕದೆ ಸ್ವಂತ ಹೆಸರು ಮತ್ತು ನಾಡಿನ ಹೆಸರನ್ನು ಜೋಡಿಸಿ ಮತ್ತೊಮ್ಮೆ ಹುಡುಕಬೇಕು. 1952ರಿಂದ 1956ರ ವರೆಗೆ ಕೊಡಗು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ. ಎಂ. ಪೂಣಚ್ಚ ಅವರ ವಿಷಯದಲ್ಲಂತೂ ಹೆಸರಿನ ಅಕ್ಷರಗಳೇ ಹುದ್ದೆಯಂತೆ ಕಾಣುತ್ತವೆ. ಅಲ್ಲಿ ‘ಸಿ’ ಎಂದರೆ ಚೆಪ್ಪುಡಿರ.

ಕಾಗುಣಿತದ ಬದಲಾವಣೆಗಳನ್ನು ಊಹಿಸುವುದಕ್ಕಿಂತ ಪಟ್ಟಿ ಮಾಡಿಕೊಳ್ಳುವುದು ಮೇಲು. ಕಾರಿಯಪ್ಪನಲ್ಲಿ ‘ಸಿ’ ಮತ್ತು ‘ಕೆ’, ಮುತ್ತಣ್ಣನಲ್ಲಿ ‘ಟಿ’ ಎರಡು ಅಥವಾ ‘ಟಿಎಚ್’, ಸುಬ್ಬಯ್ಯನಲ್ಲಿ ‘ವೈ’ ಎರಡು ಅಥವಾ ‘ಐ’ ಒಂದು, ಪೊನ್ನಪ್ಪನಲ್ಲಿ ‘ಒ’ ಅಥವಾ ‘ಯು’, ಬಹುತೇಕ ಎಲ್ಲರಿಗೂ ಕೊನೆಯಲ್ಲಿ ಬೇಕಿಲ್ಲದ ಒಂದು ‘ಎಚ್’. ಇಂಥ ಹತ್ತು ಹನ್ನೆರಡು ರೂಪಗಳನ್ನು ಬರೆದಿಟ್ಟುಕೊಂಡು, ಪ್ರಯತ್ನಿಸಿದ್ದಕ್ಕೆ ಗುರುತು ಹಾಕುತ್ತ ಹೋಗಿ. ನಕ್ಷತ್ರ ಚಿಹ್ನೆ ಅಥವಾ ಪ್ರಶ್ನಾರ್ಥಕ ಚಿಹ್ನೆಯನ್ನು ಅಕ್ಷರದ ಬದಲು ಹಾಕಲು ಬಿಡುವ ಭಂಡಾರಗಳಲ್ಲಿ ಈ ಕೆಲಸ ಹಗುರವಾಗುತ್ತದೆ.

ಹೆಸರಿನ ಜೊತೆಗಿರುವ ಪದವಿಗಳು ಇನ್ನೊಂದು ಬಲೆ. ಕೊಡಗಿನಲ್ಲಿ ತಾಲ್ಲೂಕಿನ ಕಂದಾಯ ಅಧಿಕಾರಿಯನ್ನು ಸುಬೇದಾರ ಎಂದೂ, ಅವರ ಕೆಳಗೆ ನಾಡುಗಳನ್ನು ನೋಡಿಕೊಳ್ಳುವವರನ್ನು ಪಾರುಪತ್ತೇಗಾರ ಎಂದೂ ಕರೆಯುತ್ತಿದ್ದರು. ‘ಕಿಗ್ಗಟ್ಟುನಾಡಿನ ಸುಬೇದಾರ’ ಎಂದು ಪತ್ರಿಕೆಯಲ್ಲಿ ಕಂಡ ಕೂಡಲೇ ಮುತ್ತಜ್ಜ ಸೈನ್ಯದಲ್ಲಿದ್ದರೆಂದು ಬರೆದುಕೊಂಡರೆ ವಂಶಾವಳಿಯಲ್ಲಿ ಇಲ್ಲದ ಒಬ್ಬ ಯೋಧ ಹುಟ್ಟಿಕೊಳ್ಳುತ್ತಾನೆ. ಅವರು ಕಂದಾಯ ಲೆಕ್ಕ ನೋಡುತ್ತಿದ್ದವರು, ತಹಸೀಲ್ದಾರರೆಂದು ತಿಳಿಯಬೇಕು.

ಹೆಂಗಸರನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟ. ಕೊಡಗಿನ ಗೌರಮ್ಮ ತಮ್ಮ ಕಥೆಗಳನ್ನು ಮಿಸೆಸ್ ಬಿ. ಟಿ. ಜಿ. ಕೃಷ್ಣ ಎಂದು ಪ್ರಕಟಿಸುತ್ತಿದ್ದರು. ಅವರ ಹೆಸರನ್ನೇ ಹುಡುಕಿದವರಿಗೆ ಅವರ ಬರಹಗಳೇ ಸಿಗುವುದಿಲ್ಲ. ಗಂಡನ ಅಕ್ಷರಗಳು, ‘ಇಂಥವರ ಪತ್ನಿ’, ‘ಇಂಥವರ ಸೊಸೆ’ ಎಂಬ ರೂಪಗಳು, ಶಾಲೆಯ ಬಹುಮಾನ ವಿತರಣೆಯ ವರದಿ, ಯುದ್ಧನಿಧಿಗೆ ಹಣ ಕೊಟ್ಟವರ ಪಟ್ಟಿ ಇಂಥ ಕಡೆ ಅವರು ಕಾಣಿಸಿಕೊಳ್ಳುತ್ತಾರೆ. ತವರಿನ ಒಕ್ಕ ಬೇರೆಯಾದ್ದರಿಂದ ಮದುವೆಗೆ ಮೊದಲಿನ ಉಲ್ಲೇಖಕ್ಕೆ ಆ ಮನೆಹೆಸರಿನ ಪಟ್ಟಿಯನ್ನೂ ಮಾಡಬೇಕು.

ತೋಟಕ್ಕೆ ಕೂಲಿಗೆ ಬಂದವರ, ಯರವ ಮತ್ತು ಕುರುಬ ಸಮುದಾಯಗಳವರ ಹೆಸರು ಜನನ ಮರಣಗಳ ಅಂಕಣದಲ್ಲಿ ಸಿಗುವುದಿಲ್ಲ. ಅವರು ಕಾಣುವುದು ಅಪಘಾತ, ನ್ಯಾಯಾಲಯ, ಆನೆ ಹುಲಿಗಳ ಸುದ್ದಿಯಲ್ಲಿ, ಅದೂ ‘ಒಬ್ಬ ಕೂಲಿ’ ಎಂದು. ಪತ್ರಿಕೆ ಯಾರನ್ನು ಹೆಸರಿಡಿದು ಕರೆಯಿತು, ಯಾರನ್ನು ಕರೆಯಲಿಲ್ಲ ಎಂಬುದನ್ನು ಊರಿನ ಚರಿತ್ರೆ ಬರೆಯುವವರು ಟಿಪ್ಪಣಿ ಮಾಡಿಕೊಳ್ಳಲೇಬೇಕು.

ಹುಡುಕು ಪೆಟ್ಟಿಗೆಯ ಮುಂದೆ

ಸೂಚಿ ಎಂಬ ಒಂದೇ ಪದದ ಹಿಂದೆ ಬೇರೆಬೇರೆ ವಸ್ತುಗಳಿವೆ. ಮನುಷ್ಯರು ಓದಿ ಮಾಡಿದ ಹೆಸರುಗಳ ಸೂಚಿಯಲ್ಲಿ ತಪ್ಪು ಕಡಿಮೆ, ಆದರೆ ಅವರು ಮುಖ್ಯವೆಂದು ತಿಳಿದದ್ದು ಮಾತ್ರ ಇರುತ್ತದೆ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಓಸಿಆರ್ ಮೂಲಕ ಯಂತ್ರ ಮಾಡಿದ ಪದಸೂಚಿಯಲ್ಲಿ ಪುಟದ ಎಲ್ಲವೂ ಇರುತ್ತದೆ, ಆದರೆ ಸವೆದ ಅಚ್ಚುಮೊಳೆ, ಹಿಂಬದಿಯ ಶಾಯಿ, ಮಡಿಕೆಯ ಗೆರೆ ಇವೆಲ್ಲ ಅಕ್ಷರಗಳಾಗಿ ಬಿಡುತ್ತವೆ. ಮರ್ಕರಾದ ‘ಸಿ’ಯನ್ನು ‘ಇ’ ಎಂದೂ, ಕೂರ್ಗಿನ ಎರಡು ‘ಒ’ಗಳಲ್ಲಿ ಒಂದನ್ನು ‘ಸಿ’ ಎಂದೂ ಅದು ಓದಬಹುದು. ಸಡಿಲ ಹುಡುಕಾಟದ ಆಯ್ಕೆಯನ್ನು ಒತ್ತಿದರೆ ಇಂಥವು ಸಿಗುತ್ತವೆ, ಜೊತೆಗೆ ಐರ್ಲೆಂಡಿನ ಕಾರ್ಕ್ ಪಟ್ಟಣದ ಬೆಣ್ಣೆಯ ಧಾರಣೆಯೂ ಬಂದು ಕೂರುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ಕೈ ಪಳಗಿಸಿಕೊಳ್ಳಲು, ಉತ್ತರ ಮೊದಲೇ ಗೊತ್ತಿರುವ ಒಂದು ಪ್ರಶ್ನೆಯನ್ನು ಕೇಳಿ ನೋಡುವುದು ಉತ್ತಮ ಉಪಾಯ. ಪದಚ್ಯುತನಾದ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಮಗಳು ಗೌರಮ್ಮನನ್ನು ಕರೆದುಕೊಂಡು 1852ರಲ್ಲಿ ಲಂಡನ್ನಿಗೆ ಹೋದನು; ಆ ವರ್ಷವೇ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಅವಳಿಗೆ ದೀಕ್ಷಾಸ್ನಾನ ಮಾಡಿಸಲಾಯಿತು; 1859ರಲ್ಲಿ ತಂದೆ ಅಲ್ಲಿಯೇ ತೀರಿಕೊಂಡನು; 1860ರಲ್ಲಿ ಅವಳಿಗೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬವರೊಂದಿಗೆ ಮದುವೆಯಾಯಿತು; 1864ರಲ್ಲಿ ಅವಳು ಮರಣ ಹೊಂದಿದಳು. ಈ ಐದು ಘಟನೆಗಳನ್ನು ಒಂದು ಭಂಡಾರದಲ್ಲಿ ಹುಡುಕಿ. ಮೊದಲು ಹೆಸರಿನಿಂದ, ‘ಒಯು’, ‘ಎಯು’, ‘ಒಡಬ್ಲ್ಯು’ ಎಂಬ ಮೂರೂ ಕಾಗುಣಿತಗಳಲ್ಲಿ. ನಂತರ ‘ಕೂರ್ಗಿನ ರಾಜಕುಮಾರಿ’, ‘ಕೂರ್ಗಿನ ಮಾಜಿ ರಾಜ’ ಎಂಬ ಅರ್ಥದ ಇಂಗ್ಲಿಷ್ ಪದಪುಂಜಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು. ಕೊನೆಗೆ ಹೆಸರಿಲ್ಲದೆ ಬರಿಯ ಕಾಲಮಿತಿ ಮತ್ತು ಕೂರ್ಗ್ ಎಂಬ ಪದದಿಂದ. ಯಾವ ಉಪಾಯಕ್ಕೆ ಯಾವ ಘಟನೆ ಸಿಕ್ಕಿತು, ಯಾವುದು ತಪ್ಪಿತು ಎಂದು ಬರೆದುಕೊಂಡರೆ ಆ ಭಂಡಾರದ ಗುಣ ಒಂದು ಸಂಜೆಯಲ್ಲಿ ತಿಳಿಯುತ್ತದೆ.

ಕಾಲಮಿತಿಯನ್ನು ಹಾಕುವಾಗ ಸುದ್ದಿ ಪ್ರಯಾಣ ಮಾಡುತ್ತಿದ್ದ ವೇಗವನ್ನು ನೆನಪಿಡಬೇಕು. 1834ರ ಏಪ್ರಿಲ್‌ನಲ್ಲಿ ಮಡಿಕೇರಿ ಕೋಟೆ ಬಿದ್ದ ಸುದ್ದಿ ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ಲಂಡನ್ ತಲುಪಲು ತಿಂಗಳುಗಳೇ ಬೇಕಾದವು. ಅಲ್ಲಿನ ಪತ್ರಿಕೆಗಳನ್ನು ಆ ವರ್ಷದ ಕೊನೆಯ ವರೆಗೂ ನೋಡಬೇಕು. 1870ರಲ್ಲಿ ಭರವಸೆಯ ನೇರ ತಂತಿ ಸಂಪರ್ಕವಾದ ಮೇಲೆ ಮುಖ್ಯ ಸುದ್ದಿಗೆ ದಿನಗಳು ಸಾಕಾದವು, ಆದರೆ ಜನನ ಮರಣಗಳ ಪ್ರಕಟಣೆಗಳು ಟಪಾಲಿನಲ್ಲೇ ಹೋಗುತ್ತಿದ್ದುದರಿಂದ ವಾರಗಟ್ಟಲೆ ತಡವಾಗುತ್ತಿದ್ದವು. ಘಟನೆಯ ದಿನದಿಂದ ಹಿಂದಕ್ಕೆ ಒಂದು ವಾರ, ಮುಂದಕ್ಕೆ ಆರು ತಿಂಗಳು ಎಂಬುದು ತಂತಿ ಬರುವುದಕ್ಕೆ ಮುನ್ನಿನ ಕಾಲಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ.

ಕನ್ನಡ ಪಠ್ಯದಲ್ಲಿ ಹುಡುಕುವವರಿಗೆ ಬೇರೆಯೇ ಕಷ್ಟಗಳಿವೆ. ಯಂತ್ರವು ಒತ್ತಕ್ಷರಗಳನ್ನು ಕಳೆದುಕೊಳ್ಳುತ್ತದೆ. ‘ಪ್ಪ’ ‘ಪ’ ಆಗುತ್ತದೆ, ‘ಣ್ಣ’ ‘ಣ’ ಆಗುತ್ತದೆ, ಅರ್ಕಾವೊತ್ತು ಸೊನ್ನೆಯಾಗಿಯೋ ಒಂಬತ್ತಾಗಿಯೋ ಕಾಣಿಸಿಕೊಳ್ಳುತ್ತದೆ. ಹಳೆಯವರು ಕರ್ಣಾಟಕ ಎಂದೂ, ಕಾರ್ಯ್ಯ ಎಂದೂ ಬರೆಯುತ್ತಿದ್ದರು. ಆದ್ದರಿಂದ ಪೂರ್ಣ ಹೆಸರಿಗಿಂತ ಒತ್ತಿಲ್ಲದ ಒಂದು ತುಣುಕನ್ನು ಹುಡುಕುವುದೇ ಫಲ ಕೊಡುತ್ತದೆ; ಪೊನ್ನಂಪೇಟೆಗೆ ಬದಲು ‘ಪೇಟೆ’ ಎಂದು ಹಾಕಿ, ಕಾಲಮಿತಿಯನ್ನು ಬಿಗಿ ಮಾಡಿ, ಬಂದದ್ದನ್ನೆಲ್ಲ ಕಣ್ಣಿನಿಂದ ಸೋಸಬೇಕು.

ಸಿಕ್ಕಿದ ತುಣುಕನ್ನು ಏನು ಮಾಡಬೇಕು

ಹಳದಿ ಬಣ್ಣದಲ್ಲಿ ಹೊಳೆಯುವ ಆ ಒಂದು ಸಾಲನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಇಡೀ ಪುಟವನ್ನು ಇಳಿಸಿಕೊಳ್ಳಿ, ಹಿಂದಿನ ಮತ್ತು ಮುಂದಿನ ಸಂಚಿಕೆಗಳ ಅದೇ ಅಂಕಣವನ್ನೂ ಓದಿ. ಮೊದಲ ದಿನದ ಸುದ್ದಿಯನ್ನು ಮರುವಾರ ಪತ್ರಿಕೆಯೇ ತಿದ್ದಿಕೊಂಡಿರಬಹುದು. ಸುದ್ದಿಯ ತಲೆಯಲ್ಲಿರುವ ‘ಮರ್ಕರಾ, ಇಂಥ ತಾರೀಖು’ ಎಂಬುದು ವರದಿ ಬರೆದ ದಿನ, ಪುಟದ ಮೇಲಿನದು ಅಚ್ಚಾದ ದಿನ, ‘ಕಳೆದ ಬುಧವಾರ’ ಎಂಬುದು ಘಟನೆಯ ದಿನ. ಈ ಮೂರನ್ನು ಬೇರೆಬೇರೆ ಕಾಲಂಗಳಲ್ಲಿ ಬರೆಯಬೇಕು. ಪತ್ರಿಕೆಯ ಹೆಸರು, ಊರು, ತಾರೀಖು, ಪುಟ, ಅಂಕಣ, ಯಾವ ಭಂಡಾರದಲ್ಲಿ ಯಾವ ದಿನ ನೋಡಿದ್ದು, ಹೆಸರು ಅಚ್ಚಿನಲ್ಲಿ ಇದ್ದ ಹಾಗೆ, ಹೆಸರು ನಾವು ತಿಳಿದ ಹಾಗೆ ಇಷ್ಟನ್ನು ಎಕ್ಸೆಲ್ ಹಾಳೆಯಲ್ಲಿ ಇಟ್ಟುಕೊಂಡರೆ, ವರ್ಷ ಕಳೆದು ಮತ್ತೆ ಅದೇ ಪುಟವನ್ನು ತೆರೆಯಬೇಕಾದಾಗ ಪರದಾಡಬೇಕಾಗಿಲ್ಲ.

ಒಕ್ಕದಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇರುವುದರಿಂದ, ಅದೇ ಮನೆಹೆಸರು ಮತ್ತು ಅದೇ ಹೆಸರು ಇದ್ದ ಮಾತ್ರಕ್ಕೆ ಅದೇ ವ್ಯಕ್ತಿಯೆಂದು ತಿಳಿಯುವಂತಿಲ್ಲ. ಹೆಸರಲ್ಲದ ಇನ್ನೆರಡು ಗುರುತುಗಳಾದರೂ ಕೂಡಿಬರಬೇಕೆಂಬ ನಿಯಮವನ್ನು ನಾನು ಇಟ್ಟುಕೊಂಡಿದ್ದೇನೆ. ನಾಡು, ಹುದ್ದೆ, ತಂದೆಯ ಹೆಸರು, ವಯಸ್ಸು, ಜೊತೆಗೆ ಹೆಸರಿಸಿದ ಅಣ್ಣತಮ್ಮಂದಿರು ಇವುಗಳಲ್ಲಿ ಯಾವುದಾದರೂ ಎರಡು. ಆಮೇಲೆ ಜಮ್ಮಾ ಭೂಹಿಡುವಳಿಯ ದಾಖಲೆ, ಶಾಲೆಯ ದಾಖಲಾತಿ ಪುಸ್ತಕ, ಕೂರ್ಗ್ ಗೆಜೆಟ್‌ನಲ್ಲಿ ಬಂದ ನೇಮಕ ಮತ್ತು ವರ್ಗಾವಣೆಗಳು, ಮದರಾಸು ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳು, ಯುದ್ಧದಲ್ಲಿ ಮಡಿದವರ ವಿಷಯದಲ್ಲಿ ಕಾಮನ್‌ವೆಲ್ತ್ ಸಮಾಧಿ ಆಯೋಗದ ಪಟ್ಟಿ ಇವುಗಳೊಂದಿಗೆ ತಾಳೆ ನೋಡಬೇಕು. ತಾಳೆಯಾಗದ್ದನ್ನು ಎಸೆಯಬೇಡಿ, ವಂಶವೃಕ್ಷಕ್ಕೆ ಸೇರಿಸಲೂ ಬೇಡಿ. ಬೇರೆ ಹಾಳೆಯಲ್ಲಿ ಇಡಿ.

ಪತ್ರಿಕೆ ಯಾರದ್ದು ಎಂಬುದನ್ನೂ ಕೇಳಿಕೊಳ್ಳಬೇಕು. ಕೊಡಗು ವಿಧಾನಸಭೆಗೆ 1952ರಲ್ಲಿ ನಡೆದ ಚುನಾವಣೆಯಲ್ಲಿ 24 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 15, ವಿಲೀನವನ್ನು ವಿರೋಧಿಸಿದ ತಕ್ಕಡಿ ಪಕ್ಷಕ್ಕೆ 9 ಬಂದವು ಎಂಬ ಲೆಕ್ಕ ಎಲ್ಲ ಕಡೆ ಒಂದೇ. ಆದರೆ ಒಂದು ಸಭೆಗೆ ಎಷ್ಟು ಜನ ಬಂದಿದ್ದರು, ಯಾರು ಏನು ಮಾತಾಡಿದರು ಎಂಬುದಕ್ಕೆ ಎರಡೂ ಕಡೆಯ ಪತ್ರಿಕೆಗಳನ್ನು ಓದದೆ ಬರೆಯಬಾರದು. ತೋಟಗಾರರು ಓದುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಬಂದ ಕೂಲಿಗಳ ಸುದ್ದಿಗೂ ಇದೇ ಮಾತು ಸಲ್ಲುತ್ತದೆ.

ಹಳೆಯ ವ್ಯಾಜ್ಯ, ದಿವಾಳಿ, ಕೊಲೆ ಮೊಕದ್ದಮೆಗಳು ಸಿಕ್ಕೇ ಸಿಗುತ್ತವೆ. ಬದುಕಿರುವವರಿಗೆ ನೋವಾಗುವಂಥದ್ದನ್ನು ಒಕ್ಕದ ಕೂಟದಲ್ಲಿ ಓದುವ ಮೊದಲು ಆ ಮನೆಯವರಿಗೆ ತೋರಿಸುವುದು ಮರ್ಯಾದೆ. ಪ್ರತಿಗಳನ್ನು ಪುಸ್ತಕದಲ್ಲಿ ಅಚ್ಚು ಹಾಕುವುದಾದರೆ, ಭಾರತದ ಕಾನೂನಿನಲ್ಲಿ ಲೇಖಕರ ಹೆಸರಿಲ್ಲದ ಬರಹಕ್ಕೆ ಪ್ರಕಟವಾದ ನಂತರ 60 ವರ್ಷಗಳ ಹಕ್ಕುಸ್ವಾಮ್ಯವಿದೆ, ಹೆಸರಿರುವ ಲೇಖಕರದಾದರೆ ಅವರು ತೀರಿಕೊಂಡ ಮೇಲೆ 60 ವರ್ಷ. ಇದಲ್ಲದೆ ಸ್ಕ್ಯಾನ್ ಮಾಡಿದ ಭಂಡಾರದ ಷರತ್ತುಗಳು ಬೇರೆ ಇರುತ್ತವೆ.

ಸೂಚಿಯೇ ಇಲ್ಲದ ಪತ್ರಿಕೆಗಳು

ಇಷ್ಟೆಲ್ಲ ಹೇಳಿದ ಮೇಲೂ, ಕೊಡಗಿನ 20ನೇ ಶತಮಾನದ ಚರಿತ್ರೆ ಹೆಚ್ಚಾಗಿ ಇರುವುದು ಇಲ್ಲಿನದೇ ಕನ್ನಡ ಪತ್ರಿಕೆಗಳಲ್ಲಿ. ಪಂದ್ಯಂಡ ಬೆಳ್ಳಿಯಪ್ಪ ಅವರ ಹೆಸರಿನೊಂದಿಗೆ ನೆನಪಾಗುವ ಕೊಡಗು ವಾರಪತ್ರಿಕೆ, ಬಿ. ಎಸ್. ಗೋಪಾಲಕೃಷ್ಣ ಅವರು 1957ರಲ್ಲಿ ಮಡಿಕೇರಿಯಲ್ಲಿ ಆರಂಭಿಸಿದ ಶಕ್ತಿ ದಿನಪತ್ರಿಕೆ ಇಂಥವು ಅವು. ಊರಹಬ್ಬ, ತೋಟದ ಹರಾಜು, ಮದುವೆಯ ಕರೆಯೋಲೆ, ಶ್ರದ್ಧಾಂಜಲಿ, ಹಾಕಿ ಪಂದ್ಯದ ತಂಡಗಳ ಪಟ್ಟಿ ಇವು ಸಿಗುವುದು ಇಂಥ ಪುಟಗಳಲ್ಲಿ. ಲಂಡನ್ನಿನ ಪತ್ರಿಕೆಯನ್ನು ಹುಡುಕಿದಷ್ಟು ಸುಲಭವಾಗಿ ಇವುಗಳನ್ನು ಹುಡುಕಲಾಗುವುದಿಲ್ಲ ಎಂಬುದು ಬೇಸರದ ಸಂಗತಿ, ಆದರೆ ಮನೆಯವರೇ ಕೂಡಿ ಮಾಡಬಹುದಾದ ಕೆಲಸವೂ ಹೌದು.

ಒಂದು ವರ್ಷದ, ಒಂದೇ ಪತ್ರಿಕೆಯ ಬೈಂಡ್ ಮಾಡಿದ ಸಂಪುಟವನ್ನು ಆರಿಸಿಕೊಳ್ಳಿ. ಗ್ರಂಥಾಲಯವಾಗಲಿ, ಪತ್ರಿಕಾ ಕಚೇರಿಯಾಗಲಿ, ಹಳೆಯ ಮನೆಯ ಅಟ್ಟವಾಗಲಿ, ಇಟ್ಟುಕೊಂಡವರ ಅನುಮತಿ ಪಡೆದು, ಒಣಗಿದ ಕೈಯಲ್ಲಿ, ಬೆನ್ನು ಮುರಿಯದಂತೆ ಎರಡು ದಿಂಬುಗಳ ಮೇಲೆ ಪೂರ್ತಿ ಬಿಚ್ಚದೆ ಇಟ್ಟು, ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಪುಟಗಳ ಚಿತ್ರ ತೆಗೆಯಿರಿ, ಫ್ಲ್ಯಾಶ್ ಬೇಡ. ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಬಾರದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಕಾಗದ ಮೆತ್ತಗಾಗಿ ಪುಟಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅವಸರದಲ್ಲಿ ಬಿಡಿಸಿದರೆ ಅಕ್ಷರ ಎದುರಿನ ಪುಟಕ್ಕೆ ಹೋಗುತ್ತದೆ. ಕಾಫಿ ಕುಯ್ಲಿನ ಗಡಿಬಿಡಿ ಮುಗಿದ ಮಾರ್ಚ್, ಏಪ್ರಿಲ್ ತಿಂಗಳುಗಳು ಒಳ್ಳೆಯವು.

ಚಿತ್ರದ ಕಡತಕ್ಕೆ ವರ್ಷ, ತಿಂಗಳು, ದಿನ, ಪುಟ ಎಂಬ ಕ್ರಮದಲ್ಲಿ ಅಂಕಿಗಳ ಹೆಸರು ಕೊಟ್ಟರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ನಂತರ ಮೇಲೆ ಹೇಳಿದ ಅದೇ ಎಕ್ಸೆಲ್ ಹಾಳೆಯಲ್ಲಿ ಪ್ರತಿ ಹೆಸರಿಗೆ ಒಂದು ಸಾಲು. ಮನೆಹೆಸರು, ತಂದೆಯ ಹೆಸರು, ಸ್ವಂತ ಹೆಸರು ಮೂರಕ್ಕೂ ಬೇರೆಬೇರೆ ಕಾಲಂ ಇರಲಿ. ವಿದೇಶದ ಸೂಚಿಕಾರರು ಮಾಡಿದ ತಪ್ಪನ್ನು ನಾವೇ ನಮ್ಮ ಹಾಳೆಯಲ್ಲಿ ಮಾಡಬಾರದು. ಮನೆಹೆಸರು ಅಚ್ಚಾಗಿರದಿದ್ದರೆ ಆ ಕಾಲಂ ಖಾಲಿ ಇರಲಿ, ಊಹೆಯನ್ನು ಟಿಪ್ಪಣಿಯ ಕಾಲಂನಲ್ಲಿ ಬರೆಯಿರಿ. ನಾನು ಈಗ ಒಂದು ವಾರಪತ್ರಿಕೆಯ ಒಂದು ವರ್ಷವನ್ನು ಹೀಗೆ ಮಾಡುತ್ತಿದ್ದೇನೆ. ಒಂದು ಸಂಚಿಕೆಗೆ ಎರಡು ಸಂಜೆ ಹಿಡಿಯುತ್ತದೆ, ಮತ್ತು ಖಾಲಿ ಉಳಿದ ಮನೆಹೆಸರಿನ ಕಾಲಂಗಳನ್ನು ತುಂಬಿಸಲು ಪ್ರತಿ ತಿಂಗಳು ಆ ಹಾಳೆಯ ಪ್ರತಿಯೊಂದನ್ನು ಊರಿನ ಇಬ್ಬರು ಹಿರಿಯರಿಗೆ ಓದಿ ಹೇಳುತ್ತೇನೆ.